ನೆಲ ಬಿರಿದರೆ ಬಾಡಿಗೆದಾರನೇ ಕಳ್ಳನೆ?

ಎಮ್ಮಿಗನೂರು: ಮನೆ ಖಾಲಿ ಮಾಡುವ ದಿನ ಬಂತೆಂದರೆ ಬಾಡಿಗೆದಾರನ ಎದೆ ಡವಡವ. ಟ್ರ್ಯಾಕ್ಟರಿನ ಟ್ರೇಲರು ಬಾಗಿಲಿಗೆ ಬಂದು ನಿಂತಿರುತ್ತದೆ. ಮಂಚ, ಅಲ್ಮೆರಾ, ಗ್ಯಾಸ್ ಸಿಲಿಂಡರು, ನೀರಿನ ಕೊಡ ಎಲ್ಲ ಏರಿರುತ್ತವೆ. ಆಗ ಮಾಲೀಕರ ಸವಾರಿ ಚಿತ್ತೈಸುತ್ತದೆ. ಅವರು ಗೋಡೆ ನೋಡುವುದಿಲ್ಲ, ಬಾಗಿಲು ನೋಡುವುದಿಲ್ಲ. ಸೀದಾ ನೆಲ ನೋಡುತ್ತಾರೆ. ಅಲ್ಮೆರಾ ಇದ್ದ ಜಾಗದಲ್ಲಿ ಒಂದು ಉದ್ದನೆಯ ಬಿರುಕು. ಅಡುಗೆ ಮನೆಯಲ್ಲಿ ಎರಡು ಟೈಲ್ಸ್ ಒಡೆದಿವೆ.

"ಏನವಾ ಇದು? ನಾವು ಕೊಟ್ಟಾಗ ಕನ್ನಡಿ ಇದ್ದಂಗ ಇತ್ತಲ್ಲ ನೆಲ!"

"ನಾವು ಬಂದಾಗ್ಲೇ ಬಿರುಕು ಇತ್ತಲ್ರೀ ಸಾವ್ಕಾರ್ರೆ..."

"ಇತ್ತಾ? ಎಲ್ಲಿ ಬರದೀಯವಾ, ತೋರ್ಸು ನೋಡಾನ."

ಎಲ್ಲೂ ಬರೆದಿಲ್ಲ. ಮಾತು ಅಲ್ಲಿಗೆ ಮುಗಿಯಿತು. ಮುಂಗಡದ ಹಣ ಅಲ್ಲಿಗೇ ಗುಳುಂ!

ಇದು ಯಾವ ಮನೆಯ ಕಥೆ ಎಂದು ಕೇಳಬೇಡಿ. ಒಂದು ಹೆಸರು ಹಾಕಿದರೆ ಹತ್ತು ಮನೆಯವರು "ಇದು ನಮ್ಮದೇ" ಎಂದು ಬರುತ್ತಾರೆ. ಎಮ್ಮಿಗನೂರಾಗಲಿ, ಕಂಪ್ಲಿಯಾಗಲಿ, ಹೊಸಪೇಟೆಯಾಗಲಿ, ಬಾಡಿಗೆ ಮನೆ ಇರುವ ಕಡೆಯೆಲ್ಲ ಈ ಜಗಳ ಇದ್ದದ್ದೇ. (ಕರ್ನೂಲು ಜಿಲ್ಲೆಯ ನೇಯ್ಗೆಯ ಎಮ್ಮಿಗನೂರಿನಲ್ಲೂ ಬೇರೆ ಥರ ಇರಲಿಕ್ಕಿಲ್ಲ ಬಿಡಿ!)

ಮುಂಗಡ ಎಂದರೆ ಯಾರ ದುಡ್ಡು?

ಈ ಭಾಗದಲ್ಲಿ ಬಾಡಿಗೆಗೆ ಇರುವವರು ಯಾರು? ಶಾಲೆಯ ಮೇಷ್ಟ್ರು, ಬ್ಯಾಂಕಿನ ಗುಮಾಸ್ತ, ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವ, ಹೊಲಿಗೆ ಮಷೀನು ತುಳಿದು ಮಕ್ಕಳನ್ನು ಓದಿಸುತ್ತಿರುವ ಹೆಣ್ಣುಮಗಳು, ಬೆಳಗಾದರೆ ಬಸ್ಸು ಹತ್ತಿ ಬಳ್ಳಾರಿಗೋ ತೋರಣಗಲ್ಲಿಗೋ ದುಡಿಯಲು ಹೋಗುವವ. ಇಂಥವರಿಗೆ ಮುಂಗಡ ಎಂಬುದು ಬೀರುವಿನಲ್ಲಿ ಹೆಚ್ಚಾಗಿ ಬಿದ್ದಿರುವ ದುಡ್ಡಲ್ಲ. ಹಳೇ ಮನೆಯ ಮುಂಗಡ ಕೈಗೆ ಬಂದರೇನೇ ಹೊಸ ಮನೆಯ ಬೀಗದ ಕೈ. ಅತ್ತ ಹೊಸ ಮಾಲೀಕ "ದುಡ್ಡು ತಂದು ಒಳಗೆ ಬಾ" ಅಂತಾನೆ. ಇತ್ತ ಹಳೇ ಮಾಲೀಕ "ನೆಲದ ಲೆಕ್ಕ ಆಗಲಿ" ಅಂತಾನೆ. ನಡುವೆ ಟ್ರೇಲರಿನ ಮೇಲೆ ಸಂಸಾರ!

ಮನೆಯನ್ನು ಭೋಗ್ಯಕ್ಕೆ ಹಾಕಿಸಿಕೊಂಡವರ ಪಾಡು ಇನ್ನೂ ಬಿಗಿ. ಅಲ್ಲಿ ಸಿಕ್ಕಿಹಾಕಿಕೊಳ್ಳುವುದು ಸಾವಿರದ ಲೆಕ್ಕವಲ್ಲ, ಲಕ್ಷದ ಲೆಕ್ಕ.

ಹಾಗಾದರೆ ಒಡೆದ ನೆಲಕ್ಕೆ ಯಾರು ಹೊಣೆ? ಇದಕ್ಕೆ ಉತ್ತರ ಒಂದೇ ಮಾತಿನಲ್ಲಿದೆ. ನೆಲ ಯಾಕೆ ಒಡೆಯಿತು ಎಂಬುದನ್ನು ಮೊದಲು ನೋಡಿ, ಯಾರು ಕೊಡಬೇಕು ಎಂಬುದನ್ನು ಆಮೇಲೆ ಹೇಳಿ. ಆದರೆ ಊರಲ್ಲಿ ನಡೆಯುವುದು ಉಲ್ಟಾ. ದುಡ್ಡು ಯಾರ ಕೈಲಿದೆಯೋ ಅವರ ಮಾತೇ ತೀರ್ಪು.

ಎರೆಮಣ್ಣಿನ ಆಟ

ಕಂಪ್ಲಿ, ಸಿರುಗುಪ್ಪ, ಕುರುಗೋಡು ಕಡೆಯ ಎರೆಮಣ್ಣು ಯಾರಿಗೆ ಗೊತ್ತಿಲ್ಲ? ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆ ಬಂದರೆ ಕುಗ್ಗಿ ಅಂಗೈ ಅಗಲ ಬಾಯಿ ಬಿಡುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಡಲು ಶುರುವಾದ ಮೇಲೆ ಈ ಸೀಮೆಯ ನೆಲ ಭತ್ತದ ನೆಲವಾಯಿತು. ಕಾಲುವೆಗೆ ನೀರು ಬಂದಾಗ ಗದ್ದೆಯ ಪಕ್ಕದ ಮಣ್ಣೆಲ್ಲ ತೇವ. ಕಾಲುವೆ ಬಂದಾದರೆ ಮತ್ತೆ ಒಣ. ಹೊಲದಲ್ಲಿ ಈ ಆಟ ನಡೆದರೆ ರೈತನಿಗೆ ಗೊತ್ತಾಗುತ್ತದೆ. ಮನೆಯ ಕೆಳಗೆ ನಡೆದರೆ ಗೊತ್ತಾಗುವುದು ನೆಲ ಬಿರಿದ ಮೇಲೆಯೇ.

ತಿಳಿದ ಮೇಸ್ತ್ರಿಗಳು ಏನು ಮಾಡುತ್ತಾರೆ? ಮೇಲಿನ ಎರೆಮಣ್ಣು ತೆಗೆಸುತ್ತಾರೆ. ಗರಸು ತುಂಬಿಸಿ, ನೀರು ಹಾಕಿ, ದಮ್ಮಸು ಬಡಿಸುತ್ತಾರೆ. ಅದರ ಮೇಲೆ ಕಾಂಕ್ರೀಟು ಹಾಸು, ಅದರ ಮೇಲೆ ನೆಲ. ಖರ್ಚು ಉಳಿಸಲು ಎರೆಮಣ್ಣಿನ ಮೇಲೆಯೇ ತೆಳ್ಳಗೆ ಕಾಂಕ್ರೀಟು ಬಳಿದು ಟೈಲ್ಸ್ ಅಂಟಿಸಿದರೆ ಎರಡು ಮಳೆಗಾಲ ಕಳೆಯುವುದರೊಳಗೆ ನೆಲ ಬಾಯಿ ಬಿಡಬಹುದು. ಆ ಬಿರುಕಿಗೆ ಮಾಡಿನ ಕೆಳಗೆ ಮಲಗಿದವನು ಏನು ಮಾಡಿಯಾನು? ನೆಲದಡಿಯ ಪೈಪು ಒಸರಿ ಮಣ್ಣು ನೆನೆದರೂ ಇದೇ ಗತಿ.

ಟೈಲ್ಸಿನದು ಬೇರೆ ಕಥೆ. ಅವಸರದ ಗಾರೆಯವನು ಟೈಲ್ಸಿನ ಬೆನ್ನಿಗೆ ನಾಲ್ಕು ಮೂಲೆ, ನಡುವೆ ಒಂದು ಎಂದು ಐದು ಮುದ್ದೆ ಸಿಮೆಂಟು ಇಟ್ಟು ಕೂರಿಸಿಬಿಡುತ್ತಾನೆ. ನಡುವೆಲ್ಲ ಪೊಳ್ಳು. ಒಂದು ನಾಣ್ಯ ತಗೊಂಡು ಬಡಿದು ನೋಡಿ. ಗಟ್ಟಿ ಕೂತ ಟೈಲ್ಸು ಟಕ್ ಅನ್ನುತ್ತದೆ, ಪೊಳ್ಳು ಟೈಲ್ಸು ಡಬ್ ಅನ್ನುತ್ತದೆ. ಡಬ್ ಅನ್ನುವ ಕಲ್ಲು ಮಂಚದ ಕಾಲಿಗೇ ಒಡೆಯುತ್ತದೆ. ಸಂದು ಬಿಡದೆ ಒತ್ತೊತ್ತಾಗಿ ಕೂರಿಸಿದ ಟೈಲ್ಸು ಬಳ್ಳಾರಿಯ ಬಿಸಿಲಿಗೆ ಹಿಗ್ಗಿ, ಹಪ್ಪಳದಂತೆ ಮೇಲೆದ್ದು ನಿಲ್ಲುವುದೂ ಉಂಟು. ಇದೆಲ್ಲ ಕಟ್ಟಿಸಿದವರ ಲೆಕ್ಕ. ಇದ್ದು ಹೋದವರ ಲೆಕ್ಕ ಅಲ್ಲ.

ಸವೆತ ಬೇರೆ, ಒಡೆತ ಬೇರೆ

ಹಂಪಿಗೆ ಹೋದವರು ವಿರೂಪಾಕ್ಷನ ಗುಡಿಯ ಹಾಸುಗಲ್ಲು ನೋಡಿರುತ್ತಾರೆ. ಶತಮಾನಗಳಿಂದ ಭಕ್ತರು ನಡೆದೂ ನಡೆದೂ ಕಲ್ಲು ನುಣುಪಾಗಿದೆ. ಈಗ ಯಾರಾದರೂ ರಸೀದಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತು "ಕಲ್ಲು ಸವೆಸಿದ್ದೀರಿ, ದಂಡ ಕಟ್ಟಿ" ಎಂದರೆ ಹೇಗಿರುತ್ತದೆ? ನಗುತ್ತೀರಿ. ಆದರೆ ಬಾಡಿಗೆ ಮನೆಯಲ್ಲಿ ಇದೇ ನಡೆದರೆ ಯಾರೂ ನಗುವುದಿಲ್ಲ. ಕೆಂಪು ಗಾರೆಯ ನೆಲದ ಬಣ್ಣ ಮಾಸಿದ್ದು, ಮೊಸಾಯಿಕ್ಕಿನ ಹೊಳಪು ಹೋದದ್ದು, ಸಂಡೂರು ರಸ್ತೆಯ ಅದಿರಿನ ಕೆಂಪು ಧೂಳು ಟೈಲ್ಸಿನ ಸಂದಿಯಲ್ಲಿ ಕೂತದ್ದು, ಇವೆಲ್ಲ ಬದುಕಿದ ಗುರುತು. ಬಾಡಿಗೆ ಕೊಟ್ಟಿದ್ದೇ ಅದಕ್ಕೆ. ಮನೆಯಲ್ಲಿ ಇರಬೇಕು, ನೆಲ ಮುಟ್ಟಬಾರದು ಎಂದರೆ ಗಾಳಿಯಲ್ಲಿ ತೇಲಬೇಕೇನು?

ಇದು ಬಾಯಿಮಾತಿನ ನ್ಯಾಯವಲ್ಲ, ಕಾಯಿದೆಯ ಮಾತು. ಬಾಡಿಗೆ ಎಂದ ತಕ್ಷಣ ಎಲ್ಲರೂ ಕರ್ನಾಟಕ ಬಾಡಿಗೆ ಕಾಯಿದೆ ಎನ್ನುತ್ತಾರೆ. ಆ 1999ರ ಕಾಯಿದೆ ಮುಖ್ಯವಾಗಿ ಪಟ್ಟಣಗಳಿಗೆ, ಅದೂ ಕಡಿಮೆ ಬಾಡಿಗೆಯ ಕಟ್ಟಡಗಳಿಗೆ ಹೇಳಿದ್ದು. ಹಳ್ಳಿಯ ಮನೆಗೆ ಆಧಾರ ಇನ್ನೂ ಹಳೆಯದು, 1882ರ ಸ್ವತ್ತು ವರ್ಗಾವಣೆ ಕಾಯಿದೆ. ಅದರ 108ನೇ ಕಲಮು ಓದಿದರೆ ಅರ್ಧ ಜಗಳ ಮುಗಿಯುತ್ತದೆ.

ಬಾಡಿಗೆದಾರನು ತಾನು ಬಂದಾಗ ಮನೆ ಹೇಗಿತ್ತೋ ಹಾಗೇ ಇಟ್ಟುಕೊಂಡು ಹಾಗೇ ಹಿಂದಿರುಗಿಸಬೇಕು ಎನ್ನುತ್ತದೆ ಆ ಕಲಮು. ಅದೇ ಉಸಿರಿನಲ್ಲಿ ಎರಡು ವಿನಾಯಿತಿ ಕೊಡುತ್ತದೆ. ಒಂದು, ಸಹಜವಾದ ಸವೆತ. ಇನ್ನೊಂದು, ತಡೆಯಲಾಗದ ಶಕ್ತಿ. ತುಂಗಭದ್ರೆ ಉಕ್ಕಿ ಕಂಪ್ಲಿಯ ಸೇತುವೆ ಮುಳುಗಿದ ದಿನ ಹೊಳೆ ದಂಡೆಯ ಮನೆಗೆ ನೀರು ನುಗ್ಗಿ ನೆಲ ಕಿತ್ತುಹೋದರೆ ಅದಕ್ಕೆ ಬಾಡಿಗೆದಾರ ಹೊಣೆಯಲ್ಲ.

ಹಾಗೆಂದು ಬಾಡಿಗೆದಾರರು ಹಿಗ್ಗಬೇಕಿಲ್ಲ. ತನ್ನ ಕೃತ್ಯದಿಂದಲೋ ನಿರ್ಲಕ್ಷ್ಯದಿಂದಲೋ ಆದ ಕೆಡುಕನ್ನು, ಮಾಲೀಕ ನೋಟೀಸು ಕೊಟ್ಟ 3 ತಿಂಗಳೊಳಗೆ ಬಾಡಿಗೆದಾರನೇ ಸರಿಪಡಿಸಬೇಕು ಎಂದೂ ಅಲ್ಲೇ ಇದೆ. ಮಾಲೀಕರಿಗೂ ಒಂದು ಮಾತಿದೆ. ಹೊರಗೆ ಕಾಣದ, ತಮಗೆ ಮಾತ್ರ ಗೊತ್ತಿರುವ ದೊಡ್ಡ ದೋಷವಿದ್ದರೆ ಮೊದಲೇ ಹೇಳಬೇಕು. ನೆಲ ಪ್ರತಿ ವರ್ಷ ಕುಸಿಯುತ್ತದೆ ಎಂದು ಗೊತ್ತಿದ್ದೂ ಮೇಲೆ ಚಾಪೆ ಹಾಸಿ ಬಾಡಿಗೆಗೆ ಕೊಡುವುದು ಜಾಣತನವಲ್ಲ, ತಪ್ಪು.

ಒಂದು ಎಚ್ಚರಿಕೆ: ಈ ನಿಯಮಗಳೆಲ್ಲ ಬೇರೆ ಕರಾರು ಇಲ್ಲದಿದ್ದಾಗ ಮಾತ್ರ. ಕರಾರಿನಲ್ಲಿ ಬೇರೆ ಬರೆದು ಸಹಿ ಹಾಕಿದ್ದರೆ ಆ ಬರಹವೇ ಮೇಲು. ಓದದೆ ಸಹಿ ಹಾಕುವವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಎರಡು ಕಲ್ಲಿಗೆ ಇಡೀ ನೆಲವೆ?

ಸರಿ, ಬಾಡಿಗೆದಾರನದೇ ತಪ್ಪು ಅನ್ನಿ. ರುಬ್ಬುಗುಂಡು ಕೈತಪ್ಪಿ ಬಿತ್ತು, ಎರಡು ಟೈಲ್ಸು ಒಡೆಯಿತು. ಕೊಡಬೇಕು. ಎಷ್ಟು ಕೊಡಬೇಕು? ಇಲ್ಲೇ ಇರುವುದು ತಮಾಷೆ.

"ಆ ಡಿಸೈನು ಈಗ ಸಿಗಾಂಗಿಲ್ಲ. ಎರಡು ಕಲ್ಲು ಬ್ಯಾರೆ ಹಾಕಿದ್ರ ತ್ಯಾಪಿ ಹಚ್ಚಿದಂಗ ಕಾಣ್ತೈತಿ. ಪೂರಾ ಕಿತ್ತು ಹೊಸಾದು ಹಾಕ್ಸಬೇಕು" ಎನ್ನುತ್ತಾರೆ ಮಾಲೀಕರು. ಕಿತ್ತು ಹಾಕಿಸುತ್ತಾರೆ. ಹಳೇ ಸೆರಾಮಿಕ್ಕು ಹೋಗಿ ಹೊಳೆಯುವ ವಿಟ್ರಿಫೈಡು ಬರುತ್ತದೆ. ಮುಂದಿನ ಬಾಡಿಗೆದಾರನಿಗೆ ಬಾಡಿಗೆಯೂ ಏರುತ್ತದೆ. ಈ ಉತ್ಸವದ ಖರ್ಚು ಮಾತ್ರ ಹೋದವನ ಮುಂಗಡದಿಂದ! ಹಳೇ ಸೈಕಲ್ಲಿಗೆ ಗುದ್ದಿದವನು ಹೊಸ ಮೋಟರ್ ಸೈಕಲ್ಲು ಕೊಡಿಸಬೇಕೆ?

ಒಂದು ಲೆಕ್ಕ ಹಿಡಿಯಿರಿ. ಲೆಕ್ಕಕ್ಕಾಗಿ ಮಾತ್ರ. ಒಂದು ನೆಲ 20 ವರ್ಷ ಬಾಳುತ್ತದೆ ಅನ್ನಿ. ಹಾಕಿಸಿ 14 ವರ್ಷ ಆಗಿದೆ. ಉಳಿದ ಆಯುಷ್ಯ 6 ವರ್ಷ. ಆ ಕೋಣೆಗೆ ಹೊಸ ನೆಲ ಹಾಕಿಸಲು 10,000 ರೂಪಾಯಿ ಬೇಕು. ಬಾಡಿಗೆದಾರ ಇಡೀ ಕೋಣೆಯ ನೆಲ ಹಾಳು ಮಾಡಿದ್ದರೂ ಅವನು ತಿಂದದ್ದು 6 ವರ್ಷದ ಆಯುಷ್ಯ, ಅಂದರೆ 3,000 ರೂಪಾಯಿ. ಮಿಕ್ಕ 14 ವರ್ಷ ಮಾಲೀಕರೇ ಬಾಡಿಗೆಯಲ್ಲಿ ಉಂಡಾಗಿದೆ. ಇನ್ನು ಒಡೆದದ್ದು ಎರಡೇ ಕಲ್ಲಾದರೆ ಎರಡು ಕಲ್ಲಿನ ಬೆಲೆ, ಗಾರೆಯವನ ಕೂಲಿ. ಅಷ್ಟೇ.

1872ರ ಕರಾರು ಕಾಯಿದೆಯ ಧಾಟಿಯೂ ಇದೇ. ಅದರ 73ನೇ ಕಲಮಿನಂತೆ ಆದ ನಷ್ಟಕ್ಕೆ ಪರಿಹಾರ ಉಂಟು, ಲಾಭಕ್ಕೆ ಇಲ್ಲ. "ನೆಲ ಒಡೆದರೆ ಮುಂಗಡ ಪೂರಾ ಮುಟ್ಟುಗೋಲು" ಎಂದು ಬರೆಸಿಕೊಂಡಿದ್ದರೂ, 74ನೇ ಕಲಮಿನಂತೆ ಕೋರ್ಟು ಕೊಡಿಸುವುದು ಆ ಮಿತಿಯೊಳಗಿನ ನ್ಯಾಯವಾದ ಪರಿಹಾರ ಮಾತ್ರ.

ಇಂಗ್ಲೆಂಡಿನಲ್ಲಿ ಈ ಜಗಳ ಸಾಕಾಗಿ ಹೋಗಿ 2004ರಲ್ಲಿ ಕಾಯಿದೆ ಮಾಡಿದರು. 2007ರ ಏಪ್ರಿಲಿನಿಂದ ಮನೆಯ ಮುಂಗಡವನ್ನು ಸರ್ಕಾರ ಒಪ್ಪಿದ ಒಂದು ಯೋಜನೆಯ ರಕ್ಷಣೆಗೆ ಒಪ್ಪಿಸಬೇಕು. ತಕರಾರಾದರೆ ಮೂರನೆಯವರು ತೀರ್ಮಾನ ಮಾಡುತ್ತಾರೆ. ಅವರು ಮೊದಲು ಕೇಳುವುದು, ಮನೆಗೆ ಬಂದ ದಿನದ ಪಟ್ಟಿ ಎಲ್ಲಿ? ಮುಂಗಡ ಬಾಡಿಗೆದಾರನ ಸ್ವಂತ ಹಣ. ಅದರಲ್ಲಿ ಮುರಿದುಕೊಳ್ಳುವ ಮಾಲೀಕನೇ ಕಾರಣ ತೋರಿಸಬೇಕು. ಹಳತಕ್ಕೆ ಹೊಸತು ಕೊಡಿಸುವ ಪದ್ಧತಿ ಅಲ್ಲಿಲ್ಲ.

ಇಲ್ಲಿಯೂ ಕೇಂದ್ರ ಸರ್ಕಾರ 2021ರ ಜೂನಿನಲ್ಲಿ ಮಾದರಿ ಬಾಡಿಗೆ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ 2 ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ, ಅಂಗಡಿಗೆ 6 ತಿಂಗಳು ಸಾಕು ಎಂದಿತು. ಕಟ್ಟಡದ ಮೂಲ ರಿಪೇರಿ ಮಾಲೀಕರದು, ಬಾಡಿಗೆದಾರ ಕೆಡಿಸಿದ್ದರೆ ಮಾತ್ರ ಅವನದು ಎಂದು ಪಟ್ಟಿಯನ್ನೇ ಹಾಕಿತು. ಆದರೆ ಅದು ಮಾದರಿ ಅಷ್ಟೇ. ರಾಜ್ಯಗಳು ಒಪ್ಪಿ ಕಾಯಿದೆ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಕಾಗದ.

ಮಾಲೀಕರ ಮಾತನ್ನೂ ಕೇಳಬೇಕು

ಮಾಲೀಕರೆಲ್ಲ ರಾಕ್ಷಸರೆಂದೇನೂ ಅಲ್ಲ. ಕೆಳಗೆ ಅಂಗಡಿ, ಮೇಲೆ ಒಂದು ಮನೆ ಕಟ್ಟಿಸಿ, ಆ ಬಾಡಿಗೆಯಲ್ಲೇ ಬ್ಯಾಂಕಿನ ಕಂತು ಕಟ್ಟುವವರಿದ್ದಾರೆ. ಬಾಡಿಗೆದಾರರಲ್ಲೂ ಮಹಾನುಭಾವರು ಕಡಿಮೆಯಿಲ್ಲ. ನಡುಮನೆಯಲ್ಲಿ ಮೋಟರ್ ಸೈಕಲ್ಲು ನಿಲ್ಲಿಸಿ ನೆಲಕ್ಕೆ ಎಣ್ಣೆ ಕುಡಿಸುವವರು, ಟೈಲ್ಸಿನ ಮೇಲೆ ಸೌದೆ ಒಡೆಯುವವರು, ನಾಲ್ಕು ಜನ ಎತ್ತಬೇಕಾದ ಅಲ್ಮೆರಾವನ್ನು ಒಬ್ಬನೇ ದರದರ ಎಳೆಯುವವರು, ಎಲ್ಲ ಇದ್ದಾರೆ.

ಎಲ್ಲಕ್ಕಿಂತ ದೊಡ್ಡ ಶತ್ರು ಬಾಟ್ಲಿಯಲ್ಲಿ ಬರುವ ಆಸಿಡ್ಡು. ಹಬ್ಬದ ಮುಂದೆ ನೆಲ ಬೆಳ್ಳಗಾಗಲಿ ಎಂದು ಸುರಿದು ತಿಕ್ಕುತ್ತಾರೆ. ಕಡಪ ಕಲ್ಲು, ಶಹಾಬಾದಿ ಕಲ್ಲು ಎರಡೂ ಸುಣ್ಣದ ಜಾತಿಯವು. ಆಸಿಡ್ಡು ಬಿದ್ದರೆ ನೊರೆ ಬಂದು ಮೈ ಕಿತ್ತುಹೋಗುತ್ತದೆ. ಮೊಸಾಯಿಕ್ಕಿನ ಅಮೃತಶಿಲೆಯ ಚೂರಿಗೂ ಅದೇ ಗತಿ. ಟೈಲ್ಸಿನ ಸಂದಿಯ ಸಿಮೆಂಟನ್ನೂ ಅದು ತಿನ್ನುತ್ತದೆ. ಇಳಕಲ್ಲಿನ ಗ್ರಾನೈಟು ಒಂದಿಷ್ಟು ತಡೆದುಕೊಂಡೀತು, ಉಳಿದವು ತಡೆಯವು. ಇದು ಸವೆತವಲ್ಲ, ಕೈಯಾರೆ ಮಾಡಿದ ಹಾನಿ. ಬಾಡಿಗೆದಾರ ಕೊಡಬೇಕು. ಗೊತ್ತಿರಲಿಲ್ಲ ಎಂದರೆ ಆಗದು.

ಅಂಗಡಿಯವರ ಗೋಳು

ಷಟರು ಮಳಿಗೆಯ ಬಾಡಿಗೆದಾರರ ಕಷ್ಟ ಇನ್ನೊಂದು ನಮೂನೆ. ಮಳಿಗೆ ಹಿಡಿದಾಗ ಬರೀ ಸಿಮೆಂಟು ನೆಲ. ಗಿರಾಕಿ ಬರಬೇಕಲ್ಲ? ಅಂಗಡಿಯವನು ಸ್ವಂತ ದುಡ್ಡಿನಲ್ಲಿ ಟೈಲ್ಸು ಹಾಕಿಸುತ್ತಾನೆ. ಮಾಲೀಕರು "ಹಾಕ್ಸ್ಕೋ ತಮ್ಮಾ, ನಂದೇನು ಅಡ್ಡಿಲ್ಲ" ಎಂದು ಬಾಯಿಮಾತಿನಲ್ಲಿ ಹರಸುತ್ತಾರೆ. ನಾಲ್ಕು ವರ್ಷಕ್ಕೆ ಖಾಲಿ ಮಾಡು ಎಂದಾಗ ಆ ಟೈಲ್ಸು ಯಾರದು?

ಬೇರೆ ಕರಾರು ಇಲ್ಲದಿದ್ದರೆ ತಾನು ಕೂರಿಸಿದ್ದನ್ನು ತಾನು ಕಿತ್ತೊಯ್ಯಬಹುದು ಎನ್ನುತ್ತದೆ ಅದೇ 108ನೇ ಕಲಮು. ಆದರೆ ಜಾಗವನ್ನು ಮೊದಲಿದ್ದ ಸ್ಥಿತಿಗೇ ತರಬೇಕು. ಕಿತ್ತ ಟೈಲ್ಸು ಚೂರಾಗುತ್ತದೆ, ಕೆಳಗಿನ ಸಿಮೆಂಟು ಹಾಳಾಗುತ್ತದೆ, ಅದನ್ನು ಸರಿಮಾಡಲು ಮತ್ತೆ ಖರ್ಚು. ಕಿತ್ತೂ ಲಾಭವಿಲ್ಲ, ಬಿಟ್ಟೂ ಲಾಭವಿಲ್ಲ. ಹಾಕಿಸುವ ಮುಂಚೆಯೇ ಎರಡು ಸಾಲು ಬರೆಸಿಕೊಳ್ಳಬೇಕು. ಖರ್ಚಿನಲ್ಲಿ ಇಷ್ಟು ಬಾಡಿಗೆಗೆ ವಜಾ, ಅಥವಾ ಬಿಡುವಾಗ ಇಷ್ಟು ವಾಪಸು.

ಮೂಟೆ ಎಳೆಯುವ ಕಿರಾಣಿ, ಗೊಬ್ಬರದ ಅಂಗಡಿಗಳಲ್ಲಿ ನೆಲ ಸವೆಯುವುದು ಸಹಜವೆಂದು ಮಾಲೀಕರೂ ತಿಳಿಯಬೇಕು. ಗೊಬ್ಬರದ ಅಂಗಡಿಗೆಂದು ಬಾಡಿಗೆ ತಗೊಂಡು ಆಮೇಲೆ ಪೂಜಾಕೋಣೆಯ ನೆಲ ಕೇಳಿದರೆ ಎಲ್ಲಿಂದ ಬರುತ್ತದೆ?

ಒಂದು ಹಾಳೆ ಸಾಕು

ಇಷ್ಟೆಲ್ಲ ರಾಮಾಯಣಕ್ಕೆ ಮದ್ದು ಒಂದು ಹಾಳೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆಂದು ಎಲ್ಲರೂ 11 ತಿಂಗಳ ಕರಾರು ಬರೆಸುತ್ತಾರೆ. ಅದರಲ್ಲಿ ಬಾಡಿಗೆ ಎಷ್ಟು, ಮುಂಗಡ ಎಷ್ಟು, ಕರೆಂಟು ಬಿಲ್ಲು ಯಾರದು ಎಲ್ಲ ಇರುತ್ತದೆ. ನೆಲ ಹೇಗಿದೆ ಎಂಬ ಮಾತು ಮಾತ್ರ ಇರುವುದಿಲ್ಲ.

ಬೀಗದ ಕೈ ಕೈಗೆ ಬರುವ ಮುಂಚೆ ಇಬ್ಬರೂ ಕೂಡಿ ಕೋಣೆ ಕೋಣೆ ನೋಡಲಿ. ನಾಣ್ಯದಿಂದ ಬಡಿಯಲಿ. "ನಡುಮನೆ: ಕಡಪ ಕಲ್ಲು, ಬಾಗಿಲ ಹತ್ತಿರ ಒಂದು ಬಿರುಕು. ಅಡುಗೆ ಮನೆ: ಟೈಲ್ಸು, ಮೂರು ಪೊಳ್ಳು. ನೆಲ ಹಾಕಿಸಿದ ವರ್ಷ ಇಂಥದ್ದು." ಕೆಳಗೆ ಇಬ್ಬರ ಸಹಿ, ತಾರೀಖು. ಈಗ ಎಲ್ಲರ ಜೇಬಿನಲ್ಲೂ ಫೋನಿದೆ. ಜಾತ್ರೆಯ ಫೋಟೋ ತೆಗೆಯುವವರು ನೆಲದ ನಾಲ್ಕು ಫೋಟೋ ತೆಗೆದು ಅಂದೇ ಒಬ್ಬರಿಗೊಬ್ಬರು ಕಳಿಸಿಕೊಂಡರೆ ಕೈ ಸವೆಯುವುದಿಲ್ಲ. ಮಾಲೀಕರು ಟೈಲ್ಸು ಹಾಕಿಸುವಾಗ ಒಂದು ಪೆಟ್ಟಿಗೆ ಹೆಚ್ಚು ತರಿಸಿ ಅಟ್ಟದ ಮೇಲೆ ಇಟ್ಟರೆ "ಡಿಸೈನು ಸಿಗಾಂಗಿಲ್ಲ" ಎಂಬ ಮಾತೇ ಇರುವುದಿಲ್ಲ. ನಡುವೆ ನೆಲ ಬಿರಿಯತೊಡಗಿದರೆ ಬಾಡಿಗೆದಾರ ಖಾಲಿ ಮಾಡುವ ದಿನದವರೆಗೆ ಬಾಯಿ ಮುಚ್ಚಿಕೊಂಡಿರಬಾರದು. ಅಂದೇ ಬರಹದಲ್ಲಿ ತಿಳಿಸಬೇಕು.

ಇಷ್ಟಾದರೂ ಮುಂಗಡ ಬಾರದಿದ್ದರೆ? ಮೊದಲು ಲೆಕ್ಕ ಕೇಳಿ ಒಂದು ನೋಟೀಸು. ಆಮೇಲೆ ತಾಲ್ಲೂಕು ಕಾನೂನು ಸೇವಾ ಸಮಿತಿ. 1987ರ ಕಾಯಿದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ಕಾನೂನು ನೆರವುಂಟು. ಲೋಕ ಅದಾಲತಿನಲ್ಲಿ ರಾಜಿಯಾದರೆ ಕೋರ್ಟು ಶುಲ್ಕವಿಲ್ಲ, ಆ ತೀರ್ಮಾನಕ್ಕೆ ಅಪೀಲೂ ಇಲ್ಲ. ಊರ ಕಟ್ಟೆಯ ಮೇಲೆ ಕೂತ ಹಿರಿಯರೂ ಇನ್ನು ಮುಂದೆ "ಅರ್ಧ ನೀ ಬಿಡು, ಅರ್ಧ ಅವ ಬಿಡ್ಲಿ" ಎಂಬ ಕುರುಡು ಪಂಚಾಯ್ತಿ ಬಿಟ್ಟು, ನೆಲ ಎಷ್ಟು ವರ್ಷದ್ದು, ಯಾಕೆ ಒಡೆಯಿತು ಎಂಬ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು.

ಆ ಹೊಲಿಗೆಯ ಹೆಣ್ಣುಮಗಳಂಥವರು ಇಂದೂ ಎಲ್ಲೋ ಒಂದು ಮನೆಯ ಮುಂದೆ ಸಾಮಾನು ಹೇರಿಕೊಂಡು ನಿಂತಿದ್ದಾರು. ಕೊಡಬೇಕಾದದ್ದು ಎರಡು ಟೈಲ್ಸಿನ ಬೆಲೆ, ಕೇಳುತ್ತಿರುವುದು ಇಡೀ ಮುಂಗಡ. ಎಮ್ಮಿಗನೂರಿನ ಮಾಲೀಕರು ಹೊಸ ನೆಲ ಹಾಕಿಸಲಿ, ಬೇಡ ಎಂದವರಾರು? ತಮ್ಮ ದುಡ್ಡಿನಲ್ಲಿ ಹಾಕಿಸಲಿ.